ಆ ಹಾಳೆ ಅವಳದು

ಮೊದಲ ದಿನ ಆರು ಮಕ್ಕಳೂ ಒಂದೇ ಹೂಕುಂಡ ಬರೆದರು. ನಾನು ಬೋರ್ಡಿನ ಮೇಲೆ ಬರೆದು ತೋರಿಸಿದ್ದ ಹೂಕುಂಡ. ಐದೈದು ದಳದ ಮೂರು ಹೂವು, ಎರಡು ಎಲೆ, ಕೆಳಗೆ ಮಣ್ಣಿನ ಕುಂಡ. ಒಬ್ಬರದಕ್ಕೂ ಇನ್ನೊಬ್ಬರದಕ್ಕೂ ವ್ಯತ್ಯಾಸವೇ ಇರಲಿಲ್ಲ. ಹಾಳೆಗಳನ್ನು ತಿರುವಿ ನೋಡಿದ ಹೆಡ್‌ಮೇಷ್ಟ್ರು, "ನೀವು ಬಂದಿದ್ದು ಒಳ್ಳೇದಾಯ್ತು ಕಣ್ರೀ, ಮಕ್ಕಳು ಕೈ ಆಡಿಸ್ತಾ ಇದಾರೆ," ಎಂದರು. ನನಗೂ ಸಮಾಧಾನವಾಯಿತು. ಹದಿನಾಲ್ಕು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ದುಡಿದವನಿಗೆ ನೆಟ್ಟಗಿರುವ ಗೆರೆ ಕಂಡರೆ ಎಲ್ಲವೂ ನೆಟ್ಟಗಿದೆ ಅನ್ನಿಸಿಬಿಡುತ್ತದೆ. ಒಂದೂವರೆ ಗಂಟೆಯಲ್ಲಿ ಆರು ಜನರಲ್ಲಿ ಒಬ್ಬರೂ ಒಂದೇ ಒಂದು ಮಾತು ಆಡಿರಲಿಲ್ಲ ಎಂಬುದು ನಂಜನಗೂಡಿನ ಬಸ್ಸು ಹತ್ತಿ ಕುಳಿತ ಮೇಲೆ ಹೊಳೆಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿದ್ದೆ. ತಿ. ನರಸೀಪುರದ ಕಡೆ, ಕಪಿಲೆಯ ದಡದಲ್ಲಿರುವ ಒಂದು ಊರಿನ ಶಾಲೆಗೆ ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಹೋಗಿ ಬರಬೇಕೆಂದು ಆದೇಶ ಬಂತು. ಕಾರಣ ಆದೇಶದಲ್ಲಿರಲಿಲ್ಲ. ಆದರೆ ಆ ಸುತ್ತಿನಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಆ ಊರಿನ ಎದುರು ದಡದಲ್ಲಿ ಒಂದು ಹುಂಡಿ ಇತ್ತು. ನಲವತ್ತು ಮನೆಯ ಪುಟ್ಟ ಊರು. ಅಲ್ಲಿನ ಏಳು ಮಕ್ಕಳು ದಿನವೂ ಹರಿಗೋಲಿನಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಿದ್ದರು. ಆಗಸ್ಟಿನಲ್ಲಿ ಮೇಲಿನ ಜಲಾಶಯದಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿದ್ದ ಒಂದು ಬೆಳಿಗ್ಗೆ ನಡುನೀರಿನಲ್ಲಿ ಹರಿಗೋಲು ಮಗುಚಿತು. ಅಂಬಿಗ ನಾಲ್ವರನ್ನು ಎಳೆದು ತಂದ. ಇಬ್ಬರು ಮಗುಚಿದ ಹರಿಗೋಲನ್ನೇ ಹಿಡಿದುಕೊಂಡು ಉಳಿದರು. ಐದನೇ ತರಗತಿಯ ಹುಡುಗಿಯೊಬ್ಬಳು ಎರಡು ದಿನದ ಮೇಲೆ ಕೆಳಗಡೆ ಸಿಕ್ಕಳು.

ಅಂಬಿಗ ಕುಡಿದಿದ್ದ ಎಂದು ಊರು ಹೇಳಿತು. ಅವನನ್ನು ಹಿಡಿದು ಒಳಗೆ ಹಾಕಿದರು. ಉಳಿದ ಆರು ಮಕ್ಕಳನ್ನು ಪೊಲೀಸರು ಕೇಳಿದರು, ಮೇಷ್ಟ್ರುಗಳು ಕೇಳಿದರು, ಹೆತ್ತವರು ಕೇಳಿದರು. ಮಕ್ಕಳು ಬಾಯಿ ಬಿಡಲಿಲ್ಲ. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಏಳನೇ ತರಗತಿಯವಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ದೊಡ್ಡವಳು ಎನ್ನುತ್ತೇನೆ. ಬೆಳಗಿನ ಪ್ರಾರ್ಥನೆಗೆ ದನಿ ಎತ್ತಿ ಕೊಡುತ್ತಿದ್ದವಳು ಅವಳೇ ಅಂತೆ. ನಾನು ಹೋಗುವ ಹೊತ್ತಿಗೆ ಹೂಂ, ಉಹೂಂ ಬಿಟ್ಟರೆ ಅವಳ ಬಾಯಿಂದ ಏನೂ ಹೊರಡುತ್ತಿರಲಿಲ್ಲ. ಹರಿಗೋಲು ನಿಂತುಹೋಗಿತ್ತು. ಹುಂಡಿಯ ಹಿರಿಯರೊಬ್ಬರು ಆರು ಮಕ್ಕಳನ್ನೂ ಕರೆದುಕೊಂಡು ಸೇತುವೆ ಸುತ್ತಿ ಬರುವ ಬಸ್ಸಿನಲ್ಲಿ ಒಂದೂಕಾಲು ಗಂಟೆ ಕೂತು ಶಾಲೆಗೆ ತಂದು ಬಿಡುತ್ತಿದ್ದರು.

ಚಿತ್ರ ಬರೆಸಿದರೆ ಮಕ್ಕಳ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಮೇಲಿನವರಿಗೆ ಹೇಳಿದ್ದರು. ಹೇಗೆ ಬರೆಸಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಎರಡನೇ ವಾರ ನಾನೊಂದು ದಡ್ಡತನ ಮಾಡಿದೆ. ಹೂಕುಂಡದಿಂದ ಏನೂ ಆಗುವುದಿಲ್ಲ, ವಿಷಯಕ್ಕೇ ನೇರ ಹೋಗಿಬಿಡೋಣ ಅಂದುಕೊಂಡು, "ಇವತ್ತು ಎಲ್ಲರೂ ಹೊಳೆ ಬರೀರಿ," ಎಂದೆ. ಮೂರನೇ ತರಗತಿಯ ಚಿಕ್ಕವನು ನೀಲಿ ಬಳಪ ಕೈಗೆ ತೆಗೆದುಕೊಂಡ. ನೋಡನೋಡುತ್ತಿದ್ದಂತೆ ಅವನ ಚಡ್ಡಿ ಒದ್ದೆಯಾಯಿತು. ಉಳಿದವರು ಕದಲಲಿಲ್ಲ. ದೊಡ್ಡವಳು ಎದ್ದು ಅವನ ಕೈ ಹಿಡಿದು ಹೊರಗೆ ಕರೆದೊಯ್ದಳು. ತೊಟ್ಟಿಯ ಹತ್ತಿರ ಕಾಲು ತೊಳೆಸಿದಳು. ವಾಪಸು ಬಂದವಳು ಆರು ಜನರ ಖಾಲಿ ಹಾಳೆಗಳನ್ನೂ ಒಟ್ಟು ಮಾಡಿ ನನ್ನ ಮೇಜಿನ ಮೇಲೆ ಕವುಚಿ ಇಟ್ಟು ಹೋಗಿ ಕೂತಳು.

ಶುಕ್ರವಾರ ಬಸ್ಸಿಳಿಯುತ್ತಲೇ ಹುಂಡಿಯ ಹಿರಿಯರು ನನ್ನನ್ನು ತಡೆದರು. "ಮೇಷ್ಟ್ರೇ, ಒಳೆ ಬರ್ಸಬ್ಯಾಡಿ. ಮನೇಲಿ ಚೊಂಬಲ್ಲಿ ನೀರ್ ಕೊಟ್ರೂ ಬೆಚ್ತಾವೆ. ನಿಮ್ ಚಿತ್ರನೇ ಬ್ಯಾಡ ನಮ್ಗೆ."

"ತಪ್ಪಾಯ್ತು ಯಜಮಾನ್ರೇ," ಎಂದೆ.

ಹೆಡ್‌ಮೇಷ್ಟ್ರು ಕೂಡ ಕೈಚೆಲ್ಲಿದರು. "ಬೇಡ ಬಿಡ್ರಿ. ಹಾಜರಿ ಹಾಕಿ ಹೋಗಿ. ನನಗೆ ಇನ್ನೊಂದು ತಲೆನೋವು ಬೇಡ." ನಾನು ಇನ್ನೆರಡು ವಾರದ ಗಡುವು ಕೇಳಿಕೊಂಡೆ. ಒಲ್ಲದ ಮನಸ್ಸಿನಿಂದ ಒಪ್ಪಿದರು.

ಆ ಶನಿವಾರ ಮಧ್ಯಾಹ್ನ ಮೈಸೂರಿಗೆ ಹೋಗಿ, ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ಡಾಕ್ಟರಮ್ಮನೊಬ್ಬರನ್ನು ಕಂಡೆ. ಆರು ಹೂಕುಂಡಗಳನ್ನೂ ಮೇಜಿನ ಮೇಲೆ ಹರಡಿದೆ. ಅವರು ಒಂದೊಂದನ್ನೇ ನೋಡಿ, "ಇದನ್ನೆಲ್ಲ ಬರೆದವರು ನೀವು," ಎಂದರು.

"ಕೆಂಪು ಅಂದ್ರೆ ಕೋಪ, ಕಪ್ಪು ಅಂದ್ರೆ ಭಯ ಅಂತೆಲ್ಲ ಇರುತ್ತಂತಲ್ಲ ಮೇಡಂ. ಅದನ್ನ ನನಗೆ ಸ್ವಲ್ಪ ಹೇಳಿಕೊಟ್ಟರೆ..."

"ಹಾಗೆಲ್ಲ ಓದೋಕೆ ಹೋಗಬೇಡಿ. ಅವರ ಮನೇಲಿ ಕಪ್ಪು ಬಳಪ ಒಂದೇ ಇತ್ತೇನೋ. ನೀವು ಸಾಮಾನು ಇಡಿ, ಜಾಗ ಕೊಡಿ, ಸುಮ್ಮನೆ ಕೂತ್ಕೊಳ್ಳಿ. ವಿಷಯ ಕೊಡಬೇಡಿ. ತಿದ್ದಬೇಡಿ. ಇದೇನು ಅಂತ ಕೇಳಬೇಡಿ. ಮತ್ತೆ, ಅವರು ಬರೆದಿದ್ದನ್ನ ಅವರನ್ನ ಕೇಳದೆ ಯಾರಿಗೂ ತೋರಿಸಬೇಡಿ."

ಸುಮ್ಮನೆ ಕೂರುವುದು ಮೇಷ್ಟ್ರ ಕೆಲಸವೇ ಎಂದು ನನಗೆ ಅನುಮಾನ ಬಂತು. ಆದರೂ ಹಾಗೇ ಮಾಡೋಣ ಅನ್ನಿಸಿತು.

ನಂಜನಗೂಡಿನ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿ ಉಳಿದ ನ್ಯೂಸ್‌ಪ್ರಿಂಟ್ ರೀಲಿನ ತುದಿಗಳು ಸಿಗುತ್ತಿದ್ದವು. ಒಂದು ಸುರುಳಿ ತಂದೆ. ಬಳಪದ ಡಬ್ಬಿ ಬದಿಗಿಟ್ಟು, ಒಲೆಯ ಇದ್ದಿಲು ಆರಿಸಿ ತಂದೆ. ಬಟ್ಟೆಗೆ ಹಾಕುವ ನೀಲಿ, ಅರಿಶಿನ, ಜರಡಿ ಹಿಡಿದ ಇಟ್ಟಿಗೆ ಪುಡಿ, ಇವನ್ನು ಗೋಂದಿನ ನೀರಿನಲ್ಲಿ ಕಲೆಸಿ ಬಣ್ಣ ಮಾಡಿದೆ. ಕುಂಬಾರರ ಮನೆಯಿಂದ ಹದ ಮಾಡಿದ ಜೇಡಿಮಣ್ಣು ಒಂದು ಬಕೆಟ್ಟು. ಹೊಳೆಯ ಮಣ್ಣು ಮಾತ್ರ ಬೇಡ ಅಂದುಕೊಂಡಿದ್ದೆ. ತರಗತಿ ಬಿಟ್ಟು ಶಾಲೆಯ ಸಾಮಾನು ಕೋಣೆ ಖಾಲಿ ಮಾಡಿಸಿದೆ, ಏಕೆಂದರೆ ಅದಕ್ಕೆ ಹೊಳೆ ಕಡೆಗೆ ಕಿಟಕಿ ಇರಲಿಲ್ಲ. ಚಾಪೆ ಹಾಸಿ, ಎಲ್ಲವನ್ನೂ ನಡುವೆ ಇಟ್ಟು, ಒಂದು ಮೂಲೆಯಲ್ಲಿ ಕೂತು ನಾನೇ ಬರೆಯತೊಡಗಿದೆ. ಬಲಗೈಯಲ್ಲಿ ಬರೆದರೆ ಮತ್ತೆ ನನ್ನನ್ನೇ ನಕಲು ಮಾಡುತ್ತಾರೆ ಎಂದು ಎಡಗೈಯಲ್ಲಿ ಹಸು ಬರೆಯುತ್ತಾ ಕೂತೆ.

ಮೊದಲ ದಿನ ಯಾರೂ ಏನೂ ಮುಟ್ಟಲಿಲ್ಲ. ಒಂದೂವರೆ ಗಂಟೆ ಮೌನ. ಎರಡನೆಯ ದಿನ ಚಿಕ್ಕವನು ತೆವಳಿಕೊಂಡು ಬಂದು ನನ್ನ ಹಾಳೆಯಲ್ಲಿ ಇಣುಕಿದ.

"ಸಾ, ನಿಮ್ ಅಸ ನಾಯಿ ಇದ್ದಂಗದೆ."

"ಹೌದಾ? ಏನ್ ಮಾಡ್ಲಿ?"

"ಕೊಂಬು ಬರೀರಿ," ಎಂದು ಹೇಳಿ ಅವನು ಮಣ್ಣಿನ ಬಕೆಟ್ಟಿಗೆ ಕೈ ಹಾಕಿದ.

ಬೋಗುಣಿಯಂಥದ್ದೊಂದು ಮಾಡಿದ. ಸಣ್ಣ ಸಣ್ಣ ಮಣ್ಣಿನ ಉಂಡೆ ಕಟ್ಟಿ ಅದರೊಳಗೆ ಇಟ್ಟ. ಆಮೇಲೆ ಹೆಬ್ಬೆರಳಿನಿಂದ ಅಂಚು ಒತ್ತಿ ಮಗುಚಿದ. ಉಂಡೆಗಳನ್ನು ಆರಿಸಿ ಮತ್ತೆ ತುಂಬಿದ, ಮತ್ತೆ ಮಗುಚಿದ. ಸಾಕು ಮಗು ಎಂದು ಕೈ ಹಿಡಿದುಬಿಡಬೇಕು ಅನ್ನಿಸುತ್ತಿತ್ತು. ಎಷ್ಟು ಸಲ ಮಾಡಿದನೋ, ಕೊನೆಗೆ ಒಂದು ಉಂಡೆಯನ್ನು ಬೇರೆ ತೆಗೆದು ಚಾಪೆಯ ಮೇಲಿಟ್ಟು ಅದಕ್ಕೊಂದು ಹಾಳೆಯ ಚೂರು ಹೊದಿಸಿದ. ಕೈ ಒರೆಸಿಕೊಂಡು, "ಸಾ, ಒಟ್ಟೆ ಅಸೀತದೆ," ಎಂದ. ಎಷ್ಟೋ ವಾರದಿಂದ ಅವನು ತಾನಾಗಿ ಊಟ ಕೇಳಿರಲಿಲ್ಲ ಎಂದು ಹಿರಿಯರು ಆಮೇಲೆ ಹೇಳಿದರು. ಅಂದಿನಿಂದ ಅವರು ನನ್ನನ್ನು ಬಸ್ ಸ್ಟಾಪಿನಲ್ಲಿ ತಡೆಯಲಿಲ್ಲ.

ಒಬ್ಬೊಬ್ಬರಾಗಿ ಉಳಿದವರೂ ಕೈ ಹಾಕಿದರು. ಒಬ್ಬಳು ಹಾಳೆ ತುಂಬ ಇಟ್ಟಿಗೆ ಬಣ್ಣ ಬಳಿದು, ಒಣಗಿದ ಮೇಲೆ ಉಗುರಿನಿಂದ ಕೆರೆದಳು. ಇನ್ನೊಬ್ಬ ಬರೀ ಚಪ್ಪಲಿಗಳನ್ನು ಬರೆದ. ನಾನು ಕೇಳಲಿಲ್ಲ. ಗೆರೆ ಸೊಟ್ಟಗಾದರೆ ನನ್ನ ಬಲಗೈ ತಾನಾಗಿ ಮೇಲೇಳುತ್ತಿತ್ತು. ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ.

ದೊಡ್ಡವಳು ಎಲ್ಲರಿಗಿಂತ ಕೊನೆಗೆ ಬಂದಳು. ಸುರುಳಿಯಿಂದ ತನ್ನಷ್ಟೇ ಉದ್ದದ ಹಾಳೆ ಹರಿದುಕೊಂಡು, ಇದ್ದಿಲು ಹಿಡಿದು, ಮಂಡಿಯೂರಿ ಒಂದು ದೊಡ್ಡ ಸುತ್ತು ಎಳೆದಳು. ನಮ್ಮ ಮಕ್ಕಳು ಯಾವಾಗಲೂ ದೋಣಿಯನ್ನು ಪಕ್ಕದಿಂದ ಬರೆಯುತ್ತಾರೆ. ಅವಳು ಹರಿಗೋಲನ್ನು ಮೇಲಿನಿಂದ ಬರೆದಳು, ಆಕಾಶದಿಂದ ನೋಡಿದ ಹಾಗೆ. ಒಳಗೆ ಎಂಟು ಪುಟ್ಟ ಸೊನ್ನೆಗಳು. ಆಮೇಲೆ ಒಂದು ಬದಿಗೆ ಎರಡು ಉದ್ದನೆಯ ಚೌಕ. ಆ ಚೌಕಗಳನ್ನು ಎರಡು ದಿನ ಕಪ್ಪು ಮಾಡಿದಳು. ಎಷ್ಟು ಒತ್ತಿದಳೆಂದರೆ ಹಾಳೆ ಅಲ್ಲಲ್ಲಿ ಹರಿಯಿತು. ಸೊನ್ನೆಗಳಲ್ಲಿ ಒಂದನ್ನು ಬೆರಳಿನಿಂದ ಉಜ್ಜಿ ಮಂಕು ಮಾಡಿದಳು. ಬರೆದು ಮುಗಿಸಿದವಳು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು ಕೂತಳು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಬೇಕು. ನನಗೆ ಹೆಮ್ಮೆಯಾಗಿತ್ತು. ಪೊಲೀಸರಿಂದ ಆಗದ್ದು, ಹೆತ್ತವರಿಂದ ಆಗದ್ದು ನನ್ನಿಂದ ಆಯಿತು ಎಂಬ ಹೆಮ್ಮೆ. ಮಕ್ಕಳು ಹೋದ ಮೇಲೆ ಆ ಹಾಳೆ ಎತ್ತಿಕೊಂಡು ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ಮೇಜಿನ ಮೇಲೆ ಹರಡಿದೆ. ಡಾಕ್ಟರಮ್ಮ ಹೇಳಿದ ಮಾತು ನೆನಪಿನಲ್ಲಿತ್ತು. ಇದ್ದೂ ಹರಡಿದೆ.

ಅವರು ಮೊದಲು ನಗುತ್ತಲೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಬಾಗಿಲು ಹಾಕ್ರಿ," ಎಂದರು.

ಹಾಕಿದೆ.

"ಈ ಎರಡು ಚೌಕ ಏನು ಗೊತ್ತೇನ್ರಿ? ಗೊಬ್ಬರದ ಮೂಟೆ. ನಮ್ಮ ಶಾಲಾ ಸಮಿತಿ ಅಧ್ಯಕ್ಷರದು. ಆಚೆ ದಡದ ವ್ಯಾಪಾರಿ ಹತ್ರ ಇಳಿಸಿದ್ರಂತೆ, ಈ ದಡಕ್ಕೆ ತರೋಕೆ ಅವತ್ತು ಮಕ್ಕಳ ಜೊತೇಲೇ ಹರಿಗೋಲಿಗೆ ಹಾಕ್ಸಿದ್ರು. ಅಂಬಿಗ ಬೇಡ ಅಂದ್ನಂತೆ. ಹುಂಡಿಯೋರು ಅರ್ಧ ಜನ ಅವರ ಗದ್ದೇಲೇ ದುಡಿಯೋದು. ಒಬ್ಬರೂ ಬಾಯಿ ಬಿಟ್ಟಿಲ್ಲ. ಮಕ್ಕಳಿಗೂ ಬಿಡಬೇಡಿ ಅಂತ ಹೇಳಿದಾರೆ."

"ನಿಮಗೆ ಗೊತ್ತಿತ್ತಾ ಸಾರ್?"

ಅವರು ಹಾಳೆಯನ್ನು ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಶುಕ್ರವಾರ ನಾನು ಸಾಮಾನು ಕೋಣೆಗೆ ಹೋದಾಗ ಅಧ್ಯಕ್ಷರು ಒಳಗೇ ನಿಂತಿದ್ದರು. ಬಿಳಿ ಪಂಚೆ, ಬಿಳಿ ಷರಟು. ಕೈಯಲ್ಲಿ ಆ ಹಾಳೆ. ಹೆಡ್‌ಮೇಷ್ಟ್ರು ಬಾಗಿಲ ಬಳಿ ನೆಲ ನೋಡುತ್ತಿದ್ದರು. ಮಕ್ಕಳು ಗೋಡೆಗೆ ಅಂಟಿಕೊಂಡು ಸಾಲಾಗಿ ನಿಂತಿದ್ದರು.

"ಏನವ್ವ ಇದು?" ಅಧ್ಯಕ್ಷರು ದೊಡ್ಡವಳನ್ನು ಮೆತ್ತಗೆ ಕೇಳುತ್ತಿದ್ದರು. "ಯಾರ್ ಯೋಳ್ಕೊಟ್ರು ನಿಂಗೆ, ಇಂಗ್ ಬರಿ ಅಂತ?"

ಅವಳು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಸಿಟ್ಟಲ್ಲ ಅದು. ನೀನೂ ಅಷ್ಟೇನಾ ಎಂಬಂಥ ನೋಟ. ಚಿಕ್ಕವನು ಕೈಯಲ್ಲಿದ್ದ ಮಣ್ಣಿನ ಬೋಗುಣಿಯನ್ನು ಮುಷ್ಟಿಯಲ್ಲಿ ಹಿಚುಕಿ ಮುದ್ದೆ ಮಾಡಿದ.

ನನಗೆ ಧೈರ್ಯವೇನೂ ಬಂದಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಕೈ ಮುಂದೆ ಹೋಗಿ ಹಾಳೆ ಹಿಡಿದಿತ್ತು. "ಇದು ಕ್ಲಾಸಿನ ಕೆಲಸ ಸಾರ್. ನನ್ನ ಹತ್ರ ಇರಬೇಕು," ಎಂದೆ. ಅವರು ಎಳೆದರೆ ಹರಿಯುತ್ತಿತ್ತು. ಎಳೆಯಲಿಲ್ಲ. ಮಕ್ಕಳ ಮುಂದೆ ಜಗ್ಗಾಡುವುದು ಅವರ ಘನತೆಗೆ ಕಡಿಮೆ ಅನ್ನಿಸಿರಬೇಕು.

"ಇಟ್ಕಳಿ," ಎಂದರು. "ಮಂಗಳವಾರ ಬರ್ತೀರಲ್ಲ, ಬಸ್ ಇಳೀತಿದ್ದಂಗೆ ನನ್ ಕೈಗೆ ಕೊಡಿ. ನಾನ್ ಅಲ್ಲೇ ಅಂಗ್ಡಿ ತಾವ ಇರ್ತೀನಿ. ಇಲ್ದಿದ್ರೆ ನೀವು ಈ ಕಡೆ ತಾಲೂಕ್ನಲ್ಲೇ ಇರಕ್ಕಿಲ್ಲ ಮೇಷ್ಟ್ರೇ." ದನಿ ಎತ್ತಲಿಲ್ಲ. ಪಂಚೆ ಸರಿ ಮಾಡಿಕೊಂಡು ಹೊರಟುಹೋದರು.

ಆ ದಿನ ಮಕ್ಕಳು ಏನನ್ನೂ ಮುಟ್ಟಲಿಲ್ಲ.

ಸೋಮವಾರ ನನ್ನ ಹೈಸ್ಕೂಲಿಗೆ ಸಬ್ ಇನ್ಸ್‌ಪೆಕ್ಟರ್ ಬಂದರು. ಸುದ್ದಿ ಅವರವರೆಗೂ ಹೋಗಿತ್ತು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒರಟು ಮನುಷ್ಯರಲ್ಲ. ಸ್ಟಾಫ್ ರೂಮಿನ ಹೊರಗೆ ಬೇವಿನ ಮರದ ಕೆಳಗೆ ನಿಂತು ಮಾತಾಡಿದರು. "ಅಂಬಿಗ ಕುಡಿದಿದ್ದ ಅಂತ ಊರೋರು ಬರೆಸಿದ್ರು. ಕುಡಿದಿರ್ಲಿಲ್ಲ ಅಂತ ಆಸ್ಪತ್ರೆ ಕಾಗದದಲ್ಲಿದೆ. ಮೂಟೆ ಇತ್ತು ಅಂತ ನನಗೂ ಗುಮಾನಿ. ಆದ್ರೆ ಹೇಳೋರು ಒಬ್ಬರೂ ಇಲ್ಲ. ಆ ಅಂಬಿಗನೂ ಬಾಯಿ ಬಿಡ್ತಿಲ್ಲ, ಹೆಂಡ್ತಿ ಮಕ್ಕಳು ಅದೇ ಹುಂಡೀಲಿರಬೇಕಲ್ಲ. ನಿಮ್ಮ ಹತ್ರ ಇರೋ ಹಾಳೆ ಕೊಡಿ ಮೇಷ್ಟ್ರೇ. ಅದನ್ನ ಇಟ್ಕೊಂಡು ಆ ಹುಡುಗೀನ ಕೂರಿಸಿ ಕೇಳ್ತೀನಿ."

ಹಾಳೆ ಆಗ ನನ್ನ ಹೆಗಲಿನ ಬಟ್ಟೆಚೀಲದಲ್ಲೇ ಇತ್ತು. ಒಳಗಿರುವ ಮನುಷ್ಯ ತಪ್ಪು ಮಾಡಿಲ್ಲ. ಕೊಟ್ಟುಬಿಡುವುದೇ ಧರ್ಮ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಠಾಣೆಯ ಮೇಜು, ಅದರ ಮೇಲೆ ಹರಡಿದ ಹಾಳೆ, ಎದುರಿಗೆ ಅವಳು, ಇದನ್ನು ನೆನೆಸಿಕೊಂಡಾಗ ಸಾಮಾನು ಕೋಣೆಯಲ್ಲಿ ನನ್ನನ್ನು ನೋಡಿದ ಆ ಕಣ್ಣು ಎದುರಿಗೆ ಬಂತು.

"ಬುಧವಾರದವರೆಗೆ ಸಮಯ ಕೊಡಿ," ಎಂದೆ.

"ಬುಧವಾರ," ಎಂದು ಅವರು ಬೆರಳೆತ್ತಿ ತೋರಿಸಿ ಹೊರಟರು.

ಸಂಜೆ ಎಸ್‌ಟಿಡಿ ಬೂತಿನಿಂದ ಡಾಕ್ಟರಮ್ಮನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಒಪ್ಪಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಆ ಹಾಳೆ ಯಾರದು?" ಎಂದು ಕೇಳಿದರು.

"ನನ್ನ ಹತ್ರಾನೇ ಇದೆ ಮೇಡಂ."

"ಯಾರ ಹತ್ರ ಇದೆ ಅಂತ ಕೇಳಲಿಲ್ಲ. ಯಾರದು?"

ಎಲ್ಲರೂ ಅದನ್ನು ಕೇಳುತ್ತಿದ್ದರು. ಒಬ್ಬರಿಗೆ ಸುಡಬೇಕಿತ್ತು, ಒಬ್ಬರಿಗೆ ಫೈಲಿಗೆ ಸೇರಿಸಬೇಕಿತ್ತು. ಹೆಡ್‌ಮೇಷ್ಟ್ರಿಗೆ ಅದು ಇಲ್ಲವೇ ಇಲ್ಲ ಎಂದಾಗಬೇಕಿತ್ತು. ಬರೆದವಳನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಸುರುಳಿ ತೊಡೆಯ ಮೇಲಿತ್ತು. ಶಾಲೆಯ ಊರು ಬಂತು. ಅಂಗಡಿಯ ಮುಂದೆ ಅಧ್ಯಕ್ಷರ ಮೋಟಾರ್ ಸೈಕಲ್ಲು, ಪಕ್ಕದಲ್ಲಿ ಅವರು. ಬಸ್ಸು ನಿಂತಿತು. ಕಂಡಕ್ಟರ್, "ಇಳೀರಿ ಮೇಷ್ಟ್ರೇ," ಎಂದ. "ಇವತ್ತು ನರಸೀಪುರಕ್ಕೆ," ಎಂದೆ. ಅಧ್ಯಕ್ಷರು ಕಿಟಕಿಯ ಹತ್ತಿರ ಬಂದು ನನ್ನನ್ನೂ ಸುರುಳಿಯನ್ನೂ ನೋಡಿದರು. ಅವರು ಬಾಗಿಲ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಬಸ್ಸು ಹೊರಟಿತು. ಮುಂದಿನ ಎರಡು ಸ್ಟಾಪಿನವರೆಗೂ ಹಿಂದೆ ಮೋಟಾರ್ ಸೈಕಲ್ಲು ಬರುತ್ತಿದೆಯೇ ಎಂದು ತಿರುಗಿ ತಿರುಗಿ ನೋಡಿದೆ. ಬರಲಿಲ್ಲ. ನರಸೀಪುರದಲ್ಲಿ ಬಸ್ಸು ಬದಲಿಸಿ, ಸೇತುವೆ ದಾಟಿ, ಹುಂಡಿಯ ಗೇಟಿನಲ್ಲಿ, ಊರಿಗೆ ಒಳದಾರಿ ಒಡೆಯುವ ಸ್ಟಾಪಿನಲ್ಲಿ, ಇಳಿದೆ. ದೊಡ್ಡವಳು ಶಾಲೆಯಿಂದ ಬರುವವರೆಗೂ ಕಾಯೋಣ ಅಂದುಕೊಂಡಿದ್ದೆ, ಆದರೆ ಅಂದು ಹುಂಡಿಯ ಮಕ್ಕಳಲ್ಲಿ ಒಬ್ಬರನ್ನೂ ಶಾಲೆಗೆ ಕಳಿಸಿರಲಿಲ್ಲ.

ದೊಡ್ಡವಳ ಮನೆಯಲ್ಲಿ ರೇಷ್ಮೆ ಹುಳ ಸಾಕಿದ್ದರು. ಪಡಸಾಲೆಯ ತುಂಬ ಹುಳದ ತಟ್ಟೆಗಳು. ತಾಯಿ, ಮಗಳು ಕೂತು ಸೊಪ್ಪು ಹೆಚ್ಚುತ್ತಿದ್ದರು. ಹುಳ ಸೊಪ್ಪು ತಿನ್ನುವ ಸರಸರ ಸದ್ದು ಬಿಟ್ಟರೆ ಮನೆ ನಿಶ್ಶಬ್ದ. ನನ್ನನ್ನು ಕಂಡು ತಾಯಿ ಎದ್ದಳು. "ಕೂತ್ಕಳಿ ಸಾ," ಎಂದಳು, ಬನ್ನಿ ಎನ್ನಲಿಲ್ಲ. "ಅವ್ರು ಬಂದು ಯೋಳೋಗವ್ರೆ. ನಾವು ಅವ್ರ ಗದ್ದೇಲಿ ದುಡಿಯೋರು. ನಮ್ಮನ್ನ ಬುಟ್ಬುಡಿ."

"ಕೇಳೋಕೆ ಬಂದಿಲ್ಲಮ್ಮ. ಕೊಡೋಕೆ ಬಂದೆ," ಎಂದು ನೆಲದ ಮೇಲೆ ಕೂತೆ. ಸುರುಳಿಯನ್ನು ಹುಡುಗಿಯ ಮುಂದಿಟ್ಟೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಿದ್ದೆ, ಆದರೂ ತೊದಲಿತು. "ನಿನ್ನ ಕೇಳ್ದೆ ಇದನ್ನ ತೋರಿಸ್ಬಿಟ್ಟೆ ಕಣಮ್ಮ. ಅದು ನನ್ನ ತಪ್ಪು. ಅಧ್ಯಕ್ಷರು ಕೇಳಿದ್ರು, ಪೊಲೀಸ್ನೋರು ಕೇಳಿದ್ರು. ಯಾರಿಗೂ ಕೊಟ್ಟಿಲ್ಲ. ಇದು ನಿಂದು. ಒಲೆಗೆ ಹಾಕಿದ್ರೂ ಸರಿ, ಇಟ್ಕೊಂಡ್ರೂ ಸರಿ. ನಾನು ಏನೂ ಕೇಳಲ್ಲ."

ಅವಳು ಸೊಪ್ಪಿನ ಕೈ ಲಂಗಕ್ಕೆ ಒರೆಸಿಕೊಂಡಳು. ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಏನಾದರೊಂದು ಭಾರ ಇಟ್ಟಳು. ಬಹಳ ಹೊತ್ತು ನೋಡುತ್ತಾ ಕೂತಳು. ಎದ್ದು ಒಲೆಯ ಹತ್ತಿರ ಹೋಗಿ ಇದ್ದಿಲಿನ ಚೂರೊಂದನ್ನು ತಂದಳು. ಕಪ್ಪು ಚೌಕದಿಂದ ಆ ಮಂಕಾದ ಸೊನ್ನೆಯವರೆಗೆ ಒಂದು ಗೆರೆ ಎಳೆದಳು. ಗೆರೆ ಅಲ್ಲಿಂದ ಮುಂದೆ ಹೋಗಿ ಪಕ್ಕದ ಸೊನ್ನೆಯನ್ನು ಮುಟ್ಟಿತು.

"ನಾನೇ ಕರ್ದೆ," ಎಂದಳು.

ಅಷ್ಟು ದಿನ ಬಳಸದೆ ಇದ್ದ ದನಿ ಒಡೆದು ಬಂತು. ತಾಯಿಯ ಕೈಯ ಕತ್ತಿ ನಿಂತಿತು.

"ಅವ್ಳು ಮೂಟೆ ಮ್ಯಾಲೆ ಕೂತಿದ್ಲು. ಬೀಳ್ತೀಯ ಕಣೇ, ನನ್ ಪಕ್ಕಕ್ ಬಾ ಅಂದೆ. ಎದ್ ಬಂದ್ಲು. ಮೂಟೆ ಜಾರ್ತು. ಒಂದೇ ಕಡೀಕ್ ವಾಲ್ತು." ಇದ್ದಿಲನ್ನು ನೆಲಕ್ಕಿಟ್ಟು, "ನಾನ್ ಕರೀದಿದ್ರೆ ಆಯ್ತಿರ್ನಿಲ್ಲ," ಎಂದಳು.

ಆಗ ನನಗೆ ಅರ್ಥವಾಯಿತು. ನಾವೆಲ್ಲ ಆ ಹಾಳೆಯಲ್ಲಿ ಎರಡು ಮೂಟೆ ನೋಡಿದ್ದೆವು. ಅವಳು ಬರೆದದ್ದು ಆ ಉಜ್ಜಿದ ಸೊನ್ನೆಯನ್ನು. ಅದನ್ನು ಯಾರೂ ನೋಡಿಯೇ ಇರಲಿಲ್ಲ.

ನಿನ್ನದೇನೂ ತಪ್ಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಾಯಿ ತಟ್ಟೆಗಳನ್ನು ಸರಿಸಿಕೊಂಡು ಬಂದು ಮಗಳ ಪಕ್ಕ ಕೂತಳು. "ಇದ್ನೇ ಮಡಿಕಂಡಿದ್ದೇನವ್ವ ಇಷ್ಟ್ ದಿನ?" ಎಂದಳು. ಆಮೇಲೆ, "ಬೀಳ್ತಾಳೆ ಅಂತ ಕರ್ದೆ. ಬೀಳ್ಸಕ್ಕೆ ಕರೀನಿಲ್ಲ," ಎಂದಳು. ಹುಡುಗಿ ತಾಯಿಯ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ನಾನು ಹೊರಗೆ ಜಗಲಿಗೆ ಬಂದು ಕೂತೆ.

ಅರ್ಧ ಗಂಟೆಯ ಮೇಲೆ ಇಬ್ಬರೂ ಹೊರಬಂದರು. ಹುಡುಗಿಯ ಕೈಯಲ್ಲಿ ಸುರುಳಿ ಇತ್ತು. "ಅವ್ರ್ ಮನೇಗೆ ಓಗ್ಬೇಕಂತೆ ಸಾ," ಎಂದಳು ತಾಯಿ. ಯಾರ ಮನೆ ಎಂದು ಕೇಳಬೇಕಾಗಿರಲಿಲ್ಲ. ಮಗಳನ್ನು ಕಳೆದುಕೊಂಡ ಆ ತಾಯಿ ಏನಂದಾಳು? ಬೈದರೆ, ಬಾಗಿಲು ಹಾಕಿಕೊಂಡರೆ, ಈ ಹುಡುಗಿ ಇನ್ನೆಂದೂ ಬಾಯಿ ತೆರೆಯುವುದಿಲ್ಲ. ತಡೆಯಬೇಕೇನೋ ಅನ್ನಿಸಿತು. ಆದರೆ ನಿನ್ನಿಷ್ಟ ಎಂದು ಆಗಷ್ಟೇ ಹೇಳಿದವನು ನಾನು. ಅವರ ಹಿಂದೆ ನಡೆದೆ.

ನಾಲ್ಕು ಮನೆ ಆಚೆ. ತೀರಿಕೊಂಡ ಹುಡುಗಿಯ ತಾಯಿ ಬಾಗಿಲಲ್ಲೇ ಕೂತಿದ್ದಳು, ತಂದೆ ಗುದ್ದಲಿಗೆ ಕಾವು ಹಾಕುತ್ತಿದ್ದ. ದೊಡ್ಡವಳು ಹಾಳೆ ಬಿಚ್ಚಿ ಅವರ ಮುಂದೆ ಹಾಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕರೆದದ್ದು, ಎದ್ದು ಬಂದದ್ದು, ಮೂಟೆ ಜಾರಿದ್ದು. ಯಾವುದನ್ನೂ ಬಿಡಲಿಲ್ಲ. ತಂದೆಯ ಕೈ ಕಾವಿನ ಮೇಲೆ ಬಿಗಿಯಾಯಿತು.

ತಾಯಿ ಹಾಳೆಯ ಮೇಲೆ ಬಾಗಿದಳು. "ಇದ್ರಲ್ಲಿ ನಮ್ ಕೂಸು ಯಾವ್ದು?"

ಹುಡುಗಿ ಬೆರಳಿಟ್ಟಳು.

"ಇದು?"

"ನಾನು."

"ನಿನ್ ಪಕ್ಕದಲ್ಲೇ ಅವ್ಳೆ." ಆಕೆ ಆ ಎರಡು ಸೊನ್ನೆಗಳನ್ನು ನೋಡುತ್ತಲೇ ಇದ್ದಳು. "ಕೈ ಇಡ್ಕಂಡಿದ್ಲಾ?"

"ಇಡ್ಕಂಡಿದ್ಲು. ಆಮ್ಯಾಕೆ ಜಾರ್ತು."

"ಒಬ್ಳೇ ಇದ್ಲೇನೋ ಅಂತ ಇದ್ದೆ ಕಣವ್ವ," ಎಂದಳು ಆಕೆ. "ಕಣ್ ಮುಚ್ಚುದ್ರೆ ಅದೇ. ಅಷ್ಟ್ ನೀರಲ್ಲಿ ಒಬ್ಳೇ ಏನ್ ಮಾಡುದ್ಲೋ ಅಂತ." ದೊಡ್ಡವಳ ಬಲಗೈ ಎಳೆದುಕೊಂಡು ಅಂಗೈ ಬಿಡಿಸಿ ನೋಡಿದಳು. ಇದ್ದಿಲಿನ ಮಸಿ ಹತ್ತಿದ ಕೈ. ನೋಡಿ ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು, ಬಿಡಲಿಲ್ಲ.

ತಂದೆ ಎದ್ದು ನಿಂತ. "ಈ ಆಳೆ ಪೊಲೀಸ್ ಸ್ಟೇಸನ್ನಿಗೆ ಓಯ್ತದೆ," ಎಂದ. ಅವನ ಹೆಂಡತಿ ತಲೆ ಎತ್ತಲಿಲ್ಲ. "ಈ ಕೂಸು ಬರ್ದಿರದು. ಅವ್ಳನ್ ಕೇಳು."

ಎಲ್ಲರೂ ದೊಡ್ಡವಳನ್ನು ನೋಡಿದರು. ಅವಳು ಯೋಚಿಸಿ ಹೇಳಿದಳು. "ಆಳೆ ಇಲ್ಲೇ ಇರ್ಲಿ. ಪೊಲೀಸ್ನೋರ್ಗೆ ನಾನ್ ಬಾಯಲ್ ಯೋಳ್ತೀನಿ."

ಬುಧವಾರ ಸಬ್ ಇನ್ಸ್‌ಪೆಕ್ಟರ್ ನನ್ನ ಮಾತಿಗೆ ಒಪ್ಪಿ ಜೀಪನ್ನು ಗೇಟಿನಲ್ಲೇ ಬಿಟ್ಟು, ಖಾಕಿ ಹಾಕದೆ ಹುಂಡಿಗೆ ಬಂದರು. ದೊಡ್ಡವಳು ಇಬ್ಬರು ತಾಯಂದಿರ ನಡುವೆ ಕೂತು ಹೇಳಿದಳು. ಅವಳು ಹೇಳಿದ ಮೇಲೆ ಇನ್ನಿಬ್ಬರು ಮಕ್ಕಳ ಹೆತ್ತವರು ತಾವಾಗಿ ಬಂದರು. ಕೊನೆಗೆ ಸಬ್ ಇನ್ಸ್‌ಪೆಕ್ಟರ್ ಹಾಳೆ ಕೇಳಿದಾಗ ತೀರಿಕೊಂಡವಳ ತಾಯಿ, "ನೋಡ್ಕಂಡ್ ಬರ್ಕಳಿ ಸಾ, ಕೊಡಕ್ಕಿಲ್ಲ," ಎಂದಳು. ಅವರು ನೆಲದ ಮೇಲೆ ಮಂಡಿಯೂರಿ, ತಮ್ಮ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಆ ಸುತ್ತು, ಆ ಚೌಕ, ಆ ಎಂಟು ಸೊನ್ನೆಗಳನ್ನು ನಕಲು ಮಾಡಿಕೊಂಡರು.

ಅಂಬಿಗ ಕುಡಿದಿದ್ದ ಎಂಬ ಮಾತು ಬಿದ್ದುಹೋಯಿತು. ಅವನು ಹೊರಗೆ ಬಂದ, ಆದರೆ ಮತ್ತೆ ಹರಿಗೋಲು ಮುಟ್ಟಲಿಲ್ಲ. ಅಧ್ಯಕ್ಷರ ಮೇಲಿನ ಕೇಸು ವರ್ಷಗಟ್ಟಲೆ ನಡೆಯಿತು, ಹೇಗೆ ಮುಗಿಯಿತೋ ನನಗೆ ತಿಳಿಯದು. ಹುಂಡಿಯ ನಾಲ್ಕೈದು ಮನೆಯವರಿಗೆ ಆ ಹಂಗಾಮಿನಲ್ಲಿ ಅಧ್ಯಕ್ಷರ ಗದ್ದೆಯ ಕೆಲಸ ತಪ್ಪಿತು. ಅದಕ್ಕೆ ನಾನೂ ಒಂದು ಕಾರಣ ಎಂಬುದನ್ನು ಮರೆತಿಲ್ಲ. ನನ್ನ ನಿಯೋಜನೆಯನ್ನು ತಿಂಗಳು ತುಂಬುವುದರೊಳಗೆ ರದ್ದು ಮಾಡಿದರು.

ಕೊನೆಯ ಶುಕ್ರವಾರ ಆರು ಜನರೂ ಬಂದಿದ್ದರು. ಸಾಮಾನು ಕೋಣೆಯಲ್ಲಿ ಅವರವರ ಹಾಳೆ, ಮಣ್ಣಿನ ಗೊಂಬೆ ಅವರವರಿಗೇ ಕೊಟ್ಟು, ಇನ್ನು ಬರುವುದಿಲ್ಲ ಎಂದು ಹೇಳಿದೆ. ಚಿಕ್ಕವನು, "ಇನ್ಮ್ಯಾಕೆ ಆಳೆ ಯಾರ್ ತತ್ತಾರೆ ಸಾ?" ಎಂದ.

ಬಾಗಿಲ ಬಳಿ ಹೆಡ್‌ಮೇಷ್ಟ್ರು ನಿಂತಿದ್ದರು. ಯಾವಾಗ ಬಂದರೋ ನೋಡಿರಲಿಲ್ಲ. ಅಧ್ಯಕ್ಷರು ಹಾಳೆ ಹಿಡಿದು ನಿಂತ ದಿನದಿಂದ ಅವರು ನನ್ನ ಜೊತೆ ನೆಟ್ಟಗೆ ಮಾತಾಡಿದ್ದು ಒಂದೇ ಸಲ. "ಅಧ್ಯಕ್ಷರಿಗೆ ಹೇಳಿದ್ದು ನಾನೇ ಕಣ್ರೀ. ಹೆದರಿಕೆ," ಎಂದಿದ್ದರು.

"ನಾನು ತರ್ತೀನಿ," ಎಂದರು ಈಗ. "ನಂಜನಗೂಡಿಗೆ ಹೋಗ್ತಿರ್ತೀನಲ್ಲ. ಆ ಪ್ರೆಸ್ಸು ಎಲ್ಲಿ ಅಂತ ತೋರಿಸಿಕೊಡ್ರಿ."

ದೊಡ್ಡವಳು ಎದ್ದು ನಿಂತಳು. "ನೀವ್ ತಂದ್ಕೊಡಿ ಸಾ. ಆದ್ರೆ ನಾವ್ ಬರ್ದಿದ್ದ ನೋಡ್ಬಾರ್ದು. ನಾವಾಗ್ ತೋರ್ಸೋಗಂಟ ನೋಡ್ಬಾರ್ದು."

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಆಯ್ತು ಕಣವ್ವ," ಎಂದರು, "ನೋಡಲ್ಲ."